ರಿಪೇರಿ ಕೆಟ್ಟರೆ ಜಗಳಕ್ಕಿಂತ ಮೊದಲು ಕಾಗದ

ಕೊಬ್ಬರಿ ರೇಟಿನ ಬಗ್ಗೆ ಬರೀರಿ ಅಂತ ನಾಲ್ಕೈದು ಜನ ಕೇಳಿದ್ದೀರಿ. ಬರೀತೀನಿ, ಮುಂದಿನ ವಾರ. ಈ ವಾರ ತೋಟ ಬಿಟ್ಟು ಕಾರಿನ ವಿಷಯ. ಇದು ನನ್ನೊಬ್ಬನ ಕಾರಿನ ಕಥೆ ಆಗಿದ್ದರೆ ಬರೀತಿರಲಿಲ್ಲ. ಮೋಟರ್ ರೀವೈಂಡಿಂಗ್ ಮಾಡಿಸಿ ಎಂಟನೇ ದಿನಕ್ಕೆ ಮತ್ತೆ ಸುಟ್ಟುಕೊಂಡವರು, ಟಿಲ್ಲರ್ ಗೇರ್‌ಬಾಕ್ಸ್ ಬಿಚ್ಚಿಸಿ ಮೊದಲಿಗಿಂತ ಕೆಟ್ಟದಾಗಿ ವಾಪಸ್ ತಂದವರು, ಎಲ್ಲ ನಮ್ಮಲ್ಲೇ ಇದ್ದಾರೆ. ಅವರೆಲ್ಲ ಮಾಡೋದು ಒಂದೇ. ಗ್ಯಾರೇಜಿನ ಮುಂದೆ ನಿಂತು ಅರ್ಧ ಗಂಟೆ ಕೂಗಾಡ್ತಾರೆ, ನಾಲ್ಕು ಜನ ಸೇರ್ತಾರೆ, ಯಾರೋ ಹಿರಿಯರು ಬಂದು "ಹೋಗ್ಲಿ ಬಿಡಪ್ಪ" ಅಂತಾರೆ, ಇವರು ಬೈಕೊಂಡು ಮನೆಗೆ ಬರ್ತಾರೆ. ದುಡ್ಡು ಹೋದದ್ದು ಹೋಯ್ತು.

ಜಿಲ್ಲೆಗೊಂದು ಗ್ರಾಹಕರ ಆಯೋಗ ಇದೆ. ಅದು ಪೇಟೆಯವರಿಗೆ, ಫ್ರಿಜ್ಜು ಟೀವಿ ತಗೊಂಡವರಿಗೆ ಅಂತ ನಾವು ಅಂದ್ಕೊಂಡಿದ್ದೀವಿ. ಹಾಗೇನಿಲ್ಲ. ರೈತ ತಗೊಂಡ ಬಿತ್ತನೆ ಬೀಜ ಕೈಕೊಟ್ಟರೆ ಅವನೂ ಗ್ರಾಹಕನೇ, ಅವನೂ ಅಲ್ಲಿಗೆ ಹೋಗಬಹುದು ಅಂತ ಸುಪ್ರೀಂ ಕೋರ್ಟು 2012ರಲ್ಲೇ ನ್ಯಾಷನಲ್ ಸೀಡ್ಸ್ ಕಾರ್ಪೊರೇಷನ್ ಕೇಸಲ್ಲಿ ಹೇಳಿದೆ. ಬೀಜಕ್ಕಿರೋ ಬಾಗಿಲು ರಿಪೇರಿಗೂ ಇದೆ. ಆದರೆ ನಾನು ಈ ಎರಡು ತಿಂಗಳಲ್ಲಿ ಕಂಡದ್ದು ಇಷ್ಟು: ಕೇಸು ಗಟ್ಟಿ ಆಗೋದು ತುಮಕೂರಿನ ಆಯೋಗದಲ್ಲಲ್ಲ, ಕೆಟ್ಟ ಇಂಜಿನ್ನಿಗೆ ಎರಡನೇ ಮೆಕ್ಯಾನಿಕ್ ಸ್ಪ್ಯಾನರ್ ಹಾಕೋದಕ್ಕೆ ಮೊದಲು. ಆಮೇಲೆ ಎಷ್ಟು ದೊಡ್ಡ ವಕೀಲರನ್ನ ಇಟ್ಟರೂ ಬಿಚ್ಚಿ ಬಿಸಾಕಿದ ಸಾಮಾನು ಸಾಕ್ಷಿ ಹೇಳಲ್ಲ.

ನಡೆದದ್ದು ಹೇಳ್ತೀನಿ. ನಮ್ಮದು ಸೆಕೆಂಡ್ ಹ್ಯಾಂಡ್ ಪೆಟ್ರೋಲ್ ಕಾರು. ನಮ್ಮ ಮನೆಯವರನ್ನ ತಿಂಗಳಿಗೊಂದು ಸಲ ತುಮಕೂರಿನ ಆಸ್ಪತ್ರೆಗೆ ಕರ್ಕೊಂಡು ಹೋಗಬೇಕು, ಮುಖ್ಯವಾಗಿ ಅದಕ್ಕೇ ಇಟ್ಟಿರೋದು. ಇಂಜಿನ್ ಕಾಯ್ತಾ ಇತ್ತು. ಗ್ಯಾರೇಜಿನವರು ಹೆಡ್ ಇಳಿಸಿ, ಫೇಸಿಂಗ್ ಮಾಡಿಸಿ, ಗ್ಯಾಸ್ಕೆಟ್ ಕಿಟ್ ಹಾಕಿ, ಹೊಸ ವಾಟರ್ ಪಂಪ್ ಕೂರಿಸಿದ್ದೀವಿ ಅಂತ ಬಿಲ್ ಕೊಟ್ಟರು. ಬ್ರೇಕ್ ಕೆಲಸವೂ ಸೇರಿ 31,400 ರೂಪಾಯಿ. ಬಿಲ್ಲಿನ ಮೇಲೆ ಮೀಟರ್ ರೀಡಿಂಗ್ ಬರೆಸಿದ್ದೆ, 86,412. ಐದು ವಾರ ಆಯ್ತು. ನಿಟ್ಟೂರಿನ ಹತ್ರ ಸೂಜಿ ಮೇಲೆ ಹೋಗಿದ್ದು ನೋಡಿ ತಕ್ಷಣ ಪಕ್ಕಕ್ಕೆ ಹಾಕಿ ನಿಲ್ಲಿಸಿದೆ. ಮೀಟರ್ 87,095. ಅಂದ್ರೆ 683 ಕಿಲೋಮೀಟರ್. ಆಯಿಲ್ ಕಡ್ಡಿ ಎತ್ತಿದರೆ ಹಾಲು ಹಾಕಿದ ಟೀ ಬಣ್ಣ. ಹೆಡ್ಡಿನಿಂದ ನೀರು ಆಯಿಲಿಗೆ ಇಳಿದಿದೆ ಅಂತ ಪಂಪ್‌ಸೆಟ್ಟು ಓಡಿಸಿದ ಯಾರಿಗಾದರೂ ಗೊತ್ತಾಗುತ್ತೆ. ಟೋಯಿಂಗ್ ಗಾಡಿ ಬರೋ ತನಕ ಎರಡೂವರೆ ಗಂಟೆ, ಬಿಸಿಲಲ್ಲಿ, ಹುಷಾರಿಲ್ಲದ ಹೆಂಗಸನ್ನ ಕೂರಿಸ್ಕೊಂಡು.

ಗ್ಯಾರೇಜಿನ ಉತ್ತರ: "ಬಿಸಿ ಆದಮೇಲೂ ಓಡ್ಸಿದ್ದೀರ ಸಾರ್, ನಮ್ಮ ಜವಾಬ್ದಾರಿ ಇಲ್ಲ." ಈ ಮಾತು ನೆನಪಿಟ್ಟುಕೊಳ್ಳಿ. ರಿಪೇರಿ ಕೇಸುಗಳಲ್ಲಿ ಎದುರಿನವರು ಹಿಡಿಯೋ ಮೊದಲನೇ ಕೊಂಬೆ ಇದೇ: ನೀವೇ ಕೆಡಿಸ್ಕೊಂಡ್ರಿ. ಅದಕ್ಕೆ ನನ್ನ ಹತ್ರ ಇರೋದು ನಿಲ್ಲಿಸಿದ ಜಾಗದಲ್ಲೇ ತೆಗೆದ ಮೀಟರಿನ ಫೋಟೋ, ಅದರ ಟೈಮು, ಅದಾಗಿ ನಾಲ್ಕು ನಿಮಿಷಕ್ಕೆ ಟೋಯಿಂಗಿನವರಿಗೆ ಮಾಡಿದ ಕಾಲು, ಅವರ ರಸೀದಿ.

ಅಲ್ಲಿಂದ ಕಾರನ್ನ ಬೇರೆ ಮೆಕ್ಯಾನಿಕ್ ಶೆಡ್ಡಿಗೆ ಎಳೆಸಿದೆ. ಆದರೆ ಬಿಚ್ಚೋಕೆ ಬಿಡಲಿಲ್ಲ. ಮೊದಲು ಹಳೇ ಗ್ಯಾರೇಜಿಗೆ ಸ್ಪೀಡ್ ಪೋಸ್ಟಲ್ಲಿ ಒಂದು ಪತ್ರ ಹಾಕಿದೆ. ಇಂಥ ದಿನ, ಇಷ್ಟು ಗಂಟೆಗೆ, ಇಂಥ ಶೆಡ್ಡಲ್ಲಿ ಇಂಜಿನ್ ಬಿಚ್ಚಿಸ್ತಾ ಇದ್ದೀನಿ, ನೀವೋ ನಿಮ್ಮ ಹುಡುಗರೋ ಬಂದು ಎದುರಿಗೆ ನೋಡಿ ಅಂತ. ಅದೇ ಪತ್ರದ ಫೋಟೋ ವಾಟ್ಸಾಪಿಗೂ ಕಳಿಸಿದೆ. ನೀಲಿ ಟಿಕ್ ಬಂತು, ಜನ ಬರಲಿಲ್ಲ. ಬರದಿದ್ದದ್ದು ಅವರಿಷ್ಟ. ಆದರೆ ನಾಳೆ "ನಮಗೆ ತೋರಿಸದೇ ಬಿಚ್ಚಿದ್ರು, ಸಾಮಾನು ಬದಲಾಯಿಸಿದ್ರು" ಅಂತ ಹೇಳೋಕೆ ಜಾಗ ಉಳಿದಿಲ್ಲ. ಇದಕ್ಕೆ ಖರ್ಚಾದದ್ದು ಅಂಚೆ ದುಡ್ಡು, ಒಂದು ವಾರ ಕಾಯೋ ತಾಳ್ಮೆ ಅಷ್ಟೇ.

ಬಿಚ್ಚಿದ ದಿನ ತಮ್ಮನ ಮಗ ಫೋನಲ್ಲಿ ವಿಡಿಯೋ ಮಾಡಿದ. ಮೊದಲು ನಂಬರ್ ಪ್ಲೇಟು, ಆಮೇಲೆ ಮೀಟರ್, ಆಮೇಲೆ ಇಂಜಿನ್ನು, ನಿಲ್ಲಿಸದೇ ಒಂದೇ ವಿಡಿಯೋ. ಹೊಸದು ಹಾಕಿದ್ದೀವಿ ಅಂದ ವಾಟರ್ ಪಂಪ್ ಹೊರಗೆ ಬಂತು. ರೆಕ್ಕೆಯೆಲ್ಲ ತುಕ್ಕು ತಿಂದು ಸವೆದಿತ್ತು. ಐದು ವಾರದಲ್ಲಿ ಕಬ್ಬಿಣ ಹಂಗಾಗಲ್ಲ ಸ್ವಾಮಿ. ಹಳೇ ಪಂಪನ್ನೇ ಬಿಟ್ಟು ಹೊಸದಕ್ಕೆ 2,900 ಬಿಲ್ ಹಾಕಿದ್ದಾರೆ. ಆ ಪಂಪ್ ನೀರು ತಿರುಗಿಸ್ತಿಲ್ಲ, ಹಾಗಾಗಿ ಹೊಸ ಗ್ಯಾಸ್ಕೆಟ್ಟೂ ಹೋಯ್ತು. ಪಂಪು, ಗ್ಯಾಸ್ಕೆಟ್ಟು ಎರಡೂ ಈಗ ನಮ್ಮ ಅಟ್ಟದ ಮೇಲೆ ಗೊಬ್ಬರದ ಚೀಲದಲ್ಲಿವೆ, ಬಾಯಿ ಹೊಲಿದು ತಾರೀಕಿನ ಚೀಟಿ ಕಟ್ಟಿದ್ದೀನಿ. ಗುಜರಿಯವನಿಗೆ ಕೊಡಬೇಡಿ ಅಂತ ಮನೇಲಿ ಎಲ್ಲರಿಗೂ ಹೇಳಿಟ್ಟಿದ್ದೀನಿ.

ಕಷ್ಟ ಆಗಿದ್ದು ಇಲ್ಲಲ್ಲ. ಎರಡನೇ ಮೆಕ್ಯಾನಿಕ್ ಕೈಲಿ ಬರೆಸೋದು. "ಅಣ್ಣ, ನಾಳೆ ನಾನೂ ಅವರ ಮುಖ ನೋಡಬೇಕಲ್ಲ, ಒಂದೇ ಲೈನಲ್ಲಿ ಇರೋರು ನಾವು" ಅಂದ. ಅವನು ಹೇಳೋದರಲ್ಲಿ ತಪ್ಪಿಲ್ಲ. ಎಷ್ಟೋ ಕೇಸು ಇಲ್ಲೇ ಮುರುಟಿ ಹೋಗುತ್ತೆ, ಯಾಕಂದ್ರೆ ನಾವು ಅವನ ಕೈಲಿ "ಅವರು ಮೋಸ ಮಾಡಿದ್ದಾರೆ" ಅಂತ ಬರೆಸೋಕೆ ಹೋಗ್ತೀವಿ. ಮೋಸವೋ ಅಲ್ಲವೋ ಹೇಳೋದು ಆಯೋಗದ ಕೆಲಸ, ಮೆಕ್ಯಾನಿಕ್ಕಿಂದಲ್ಲ. ನಾನು ಅವನಿಗೆ ಹೇಳಿದೆ: ನೀನು ಯಾರ ಹೆಸರೂ ಬರೀಬೇಡಪ್ಪ. ಈ ನಂಬರಿನ ಕಾರು, ಈ ತಾರೀಕು ಬಿಚ್ಚಿದೆ, ಪಂಪ್ ಈ ಸ್ಥಿತಿಯಲ್ಲಿತ್ತು, ಗ್ಯಾಸ್ಕೆಟ್ ಇಂಥ ಜಾಗದಲ್ಲಿ ಸುಟ್ಟಿತ್ತು, ನಾನು ಇಷ್ಟು ವರ್ಷದಿಂದ ಈ ಕೆಲಸ ಮಾಡ್ತಿದ್ದೀನಿ. ಇಷ್ಟೇ. ಕಣ್ಣಿಗೆ ಕಂಡದ್ದು. ಎರಡು ದಿನ ಯೋಚನೆ ಮಾಡಿ ಬರೆದುಕೊಟ್ಟ. ಅಫಿಡವಿಟ್ಟಿಗೂ ಸೈನ್ ಹಾಕ್ತೀನಿ ಅಂದಿದ್ದಾನೆ.

ಈಗ ಬಿಲ್ಲಿನ ಮಾತು. ಗ್ಯಾರೇಜಲ್ಲಿ "ಬಿಲ್ ಬೇಕಾ, ಬೇಡ ಅಂದ್ರೆ ಜಿಎಸ್‌ಟಿ ಉಳಿಯುತ್ತೆ" ಅಂತ ಕೇಳ್ತಾರೆ. ನಮ್ಮವರು ಅರ್ಧಕ್ಕರ್ಧ ಜನ ಬೇಡ ಅಂತಾರೆ. ನನ್ನ ಪ್ರಕಾರ ಇದು ಉಳಿತಾಯ ಅಲ್ಲ, ಮುಂದೆ ಜಗಳ ಬಂದರೆ ನಮ್ಮ ಕೈ ನಾವೇ ಕಟ್ಟಿಕೊಂಡ ಹಾಗೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಬಿಲ್ ಕೊಡದೇ ಇರೋದನ್ನೇ ಅನುಚಿತ ವ್ಯಾಪಾರ ಪದ್ಧತಿ ಅಂತ ಸೇರಿಸಿದ್ದಾರೆ. ಕೇಳೋಕೆ ಸಂಕೋಚ ಯಾಕೆ? ಬಿಲ್ ಇಲ್ಲದವರೂ ಕೈಚೆಲ್ಲಬೇಕಾಗಿಲ್ಲ, ಫೋನ್‌ಪೇಲಿ ಕಟ್ಟಿದ್ದರೆ ಅದರ ದಾಖಲೆ, ವಾಟ್ಸಾಪಲ್ಲಿ ಬಂದ ಎಸ್ಟಿಮೇಟು ಇಟ್ಟುಕೊಳ್ಳಿ. ವಿಡಿಯೋ, ವಾಟ್ಸಾಪ್ ಸಾಕ್ಷಿಗೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ನಿನ ಪ್ರಮಾಣಪತ್ರ ಒಂದು ಜೊತೆಗಿಟ್ಟರೆ ತಕರಾರು ಕಮ್ಮಿ. ಮೂಲ ವಿಡಿಯೋ ಫೋನಿಂದ ಅಳಿಸಬೇಡಿ.

ಕೆಲವರು ಹೇಳಿದರು, ದುಡ್ಡು ಕೊಡದೇ ಕಾರು ಎತ್ಕೊಂಡು ಬನ್ನಿ ಅಂತ. ಅದು ಸರಿ ಅಲ್ಲ. ಮಾಡಿದ ಕೆಲಸದ ದುಡ್ಡು ಬರೋ ತನಕ ಗಾಡಿ ಹಿಡಿದಿಟ್ಟುಕೊಳ್ಳೋ ಹಕ್ಕು ರಿಪೇರಿಯವನಿಗೆ ಕರಾರು ಕಾಯ್ದೆಯ 170ನೇ ಸೆಕ್ಷನ್ನಲ್ಲೇ ಇದೆ. ಕೆಲಸದ ಬಗ್ಗೆ ಅನುಮಾನ ಇದ್ದರೆ ದುಡ್ಡು ಕಟ್ಟಿ, ಬಿಲ್ಲಿನ ಮೇಲೆ "ಆಕ್ಷೇಪಣೆ ಇಟ್ಟುಕೊಂಡು ಕಟ್ಟಿದ್ದೇನೆ" ಅಂತ ಬರೆದು ಸೈನ್ ಹಾಕಿ, ಫೋಟೋ ತೆಗೆದುಕೊಳ್ಳಿ.

ಇನ್ನು ಎಷ್ಟು ಕೇಳಬೇಕು? ಪರಿಚಯದ ಒಬ್ಬರು "ಐದು ಲಕ್ಷ ಹಾಕಿ, ಮಾನಸಿಕ ಹಿಂಸೆ ಅಂತ" ಅಂದರು. ನಾನು ಹಾಕಲ್ಲ. ಬ್ರೇಕ್ ಕೆಲಸ ಅವರು ಚೆನ್ನಾಗೇ ಮಾಡಿದ್ದಾರೆ, ಅದರ 4,200 ಕಳೆದೆ. ಉಳಿದದ್ದು 27,200. ಟೋಯಿಂಗ್ 3,000. ಕಾರಿಲ್ಲದೆ ಮೂರು ಸಲ ಆಸ್ಪತ್ರೆಗೆ ಬಾಡಿಗೆ ಗಾಡಿ 5,400. ಒಟ್ಟು 35,600. ಎರಡನೇ ರಿಪೇರಿಯ ಖರ್ಚು ಕೇಳ್ತಿಲ್ಲ. ಮೊದಲನೆಯದರ ದುಡ್ಡು ವಾಪಸ್ ಬಂದರೆ ಎರಡನೆಯದನ್ನ ನಾನೇ ಕೊಡಬೇಕಾದ್ದು ನ್ಯಾಯ. ತೊಂದರೆಗೆ, ಓಡಾಟದ ಖರ್ಚಿಗೆ ಬೇರೆ 5,000. ಪ್ರತಿ ರೂಪಾಯಿಗೂ ಒಂದು ಚೀಟಿ ಇರೋ ಲೆಕ್ಕ ಓದಿದವರಿಗೆ ಬೇರೆ ಥರಾನೇ ಕಾಣುತ್ತೆ. ಉದ್ದುದ್ದ ಕೇಳಿದರೆ ನಿಜವಾದ 35,600ರ ಮೇಲೂ ಅನುಮಾನ ಬರುತ್ತೆ.

ಇದಕ್ಕೆ ವಕೀಲರು ಬೇಕೇಬೇಕು ಅಂತಿಲ್ಲ, ನಾವೇ ವಾದ ಮಾಡಬಹುದು. ಕೊಟ್ಟ ದುಡ್ಡು 5 ಲಕ್ಷದ ಒಳಗಿದ್ದರೆ ಆಯೋಗಕ್ಕೆ ಫೀಸಿಲ್ಲ. ಗ್ಯಾರೇಜು ಎಲ್ಲೇ ಇರಲಿ, ನಾವು ವಾಸ ಇರೋ ಜಿಲ್ಲೆಯಲ್ಲೇ ಹಾಕಬಹುದು. ತೊಂದರೆ ಆದ ದಿನದಿಂದ 2 ವರ್ಷದ ಒಳಗೆ ಹಾಕಬೇಕು. ಎದುರಿನವರಿಗೆ ಉತ್ತರ ಕೊಡೋಕೆ 30 ದಿನ, ಹೆಚ್ಚಂದ್ರೆ ಇನ್ನು 15, ಅದಕ್ಕಿಂತ ಎಳೆಯೋ ಹಾಗಿಲ್ಲ ಅಂತ ಸುಪ್ರೀಂ ಕೋರ್ಟು 2020ರಲ್ಲಿ ಖಡಕ್ಕಾಗಿ ಹೇಳಿದೆ. ಕೇಸು 3 ತಿಂಗಳಲ್ಲಿ ಮುಗಿಯಬೇಕು ಅಂತ ಕಾಯ್ದೆಯಲ್ಲಿದೆ. ಅದನ್ನ ನಂಬಿ ಸಾಲ ತೀರಿಸ್ತೀನಿ ಅಂತ ಯಾರಿಗೂ ಮಾತು ಕೊಡಬೇಡಿ, ಎಳೆಯುತ್ತೆ. ದೂರಿನಲ್ಲಿ ಒಂದು ಸಾಲು ಮರೀಬೇಡಿ: ಗಾಡಿ ಮನೆ ಬಳಕೆಗೆ, ಬಾಡಿಗೆಗೆ ಬಿಟ್ಟಿಲ್ಲ ಅಂತ. ವ್ಯಾಪಾರದ ಉದ್ದೇಶಕ್ಕೆ ಅಂತ ತೋರಿಸಿದರೆ ಗ್ರಾಹಕನೇ ಅಲ್ಲ ಅಂತ ಆಚೆ ಹಾಕಿಬಿಡ್ತಾರೆ. ಟಿಲ್ಲರು, ಮೋಟರಿನವರು ಸ್ವಂತ ಜಮೀನು, ಸ್ವಂತ ದುಡಿಮೆ, ಜೀವನಕ್ಕೆ ಅಂತ ಸ್ಪಷ್ಟವಾಗಿ ಬರೀರಿ.

ಒಂದೇ ಊರಲ್ಲಿದ್ದುಕೊಂಡು ಕೇಸು ಹಾಕಿದರೆ ದ್ವೇಷ ಬೆಳೆಯುತ್ತೆ ಅಂತ ಹೇಳ್ತಾರೆ. ಬೀದೀಲಿ ನಿಂತು ಅಮ್ಮ ಅಕ್ಕ ಅಂತ ಬೈದರೆ ಬೆಳೆಯಲ್ವಾ? ನಾನು ಇಲ್ಲೀತನಕ ಅವರಿಗೆ ಒಂದು ಕೆಟ್ಟ ಮಾತು ಆಡಿಲ್ಲ. ಮೊನ್ನೆ ಸಂತೆಯಲ್ಲಿ ಎದುರಿಗೆ ಸಿಕ್ಕಾಗ ನಮಸ್ಕಾರ ಅಂದೆ, ಅವರೂ ಅಂದರು. ಆಯೋಗದಲ್ಲೇ ಇಬ್ಬರೂ ಒಪ್ಪಿದರೆ ಮಧ್ಯಸ್ಥಿಕೆಗೆ ಕಳಿಸ್ತಾರೆ, ಅದಕ್ಕೂ ನಾನು ಸಿದ್ಧ.

ಹದಿನೈದು ದಿನದ ಗಡುವು ಕೊಟ್ಟು ನೋಟಿಸ್ ಕಳಿಸಿದ್ದೀನಿ. ಬರೋ ಗುರುವಾರಕ್ಕೆ ಮುಗಿಯುತ್ತೆ. ದೂರು ಕನ್ನಡದಲ್ಲೇ ಬರೆದು ಇಟ್ಟಿದ್ದೀನಿ, ಆರು ಪುಟ, ಜೊತೆಗೆ ಹತ್ತೊಂಬತ್ತು ದಾಖಲೆ. ದುಡ್ಡು ಬರದಿದ್ದರೆ ಶುಕ್ರವಾರ ಬೆಳಿಗ್ಗೆ ರೈಲಿಗೆ ತುಮಕೂರಿಗೆ ಹೊರಡ್ತೀನಿ. ಯಾರಿಗಾದರೂ ಮೋಟರ್ ರೀವೈಂಡಿಂಗಿನ ಇಂಥದ್ದೇ ತಕರಾರು ಇದ್ದರೆ ಬಿಲ್ ಹಿಡ್ಕೊಂಡು ಅದಕ್ಕೆ ಮೊದಲು ಮನೆ ಹತ್ರ ಬನ್ನಿ, ಸುಟ್ಟ ತಂತಿ ಬಿಸಾಕಬೇಡಿ.