ಬೂಷ್ಟು, ಕುರಿ ಮತ್ತು ಗುತ್ತಿಗೆಯ ನೆಲ

ಈ ಸಂಚಿಕೆಗೆ ಬಂದ ಪ್ರವಾಸ ಬರಹಗಳಲ್ಲಿ ಊಟದ ತಟ್ಟೆಗಳೇ ತುಂಬಿಕೊಂಡಿವೆ. ತಪ್ಪೇನಿಲ್ಲ, ನಾನೂ ಒಮ್ಮೆ ತಿನ್ನಲಿಕ್ಕೆಂದೇ ದಕ್ಷಿಣ ಫ್ರಾನ್ಸಿಗೆ ಹೋದವನು. ಹೋದದ್ದು ಬೂಷ್ಟು ತಿನ್ನಲಿಕ್ಕೆ.

ನಮ್ಮ ಮನೆಯಲ್ಲಿ ಉಪ್ಪಿನಕಾಯಿ ಜಾಡಿಯ ಬಾಯಲ್ಲಿ ಒಂದು ಚೂರು ಬಿಳಿ ಕಂಡರೂ ಸಾಕು, ಒದ್ದೆ ಸೌಟು ಹಾಕಿದ್ದು ಯಾರೆಂದು ಅಜ್ಜಿ ಇಡೀ ಮನೆಯನ್ನು ವಿಚಾರಣೆಗೆ ನಿಲ್ಲಿಸುತ್ತಿದ್ದರು. ಅಂಥ ಮನೆಯಲ್ಲಿ ಬೆಳೆದ ನಾನು ರೋಕ್‌ಫೋರ್ ಎಂಬ ಪುಟ್ಟ ಹಳ್ಳಿಯಲ್ಲಿ ಟಿಕೆಟ್ ಕೊಂಡು, ಸ್ವೆಟರ್ ಹಾಕಿಕೊಂಡು, ಬೂಷ್ಟು ನೋಡಲು ಗುಹೆಗೆ ಇಳಿದೆ. ಅಲ್ಲಿನ ಕಾಂಬಾಲೂ ಬೆಟ್ಟದ ಒಂದು ಮಗ್ಗುಲು ಯಾವುದೋ ಕಾಲದಲ್ಲಿ ಕುಸಿದು, ಬಂಡೆಗಳ ನಡುವೆ ಉದ್ದುದ್ದ ಬಿರುಕುಗಳು ಉಳಿದಿವೆ. ಫ್ಲೂರಿನ್ ಎಂದು ಅವುಗಳ ಹೆಸರು. ಹೊರಗೆ ಬಿಸಿಲಿರಲಿ, ಹಿಮವಿರಲಿ, ತೇವದ ಗಾಳಿ ಅವುಗಳೊಳಗೆ ಆಡುತ್ತಲೇ ಇರುತ್ತದೆ. ಒಂದು ಬಿರುಕಿಗೆ ಅಂಗೈ ಒಡ್ಡಿದೆ. ಬಾವಿಗೆ ಬಗ್ಗಿದಾಗ ಮುಖಕ್ಕೆ ತಾಗುವಂಥ ತಂಪು.

ಆ ಗಾಳಿಯಲ್ಲಿ ಮರದ ಹಲಗೆಗಳ ಮೇಲೆ ಸಾಲಾಗಿ ಕುಳಿತಿರುತ್ತವೆ ಚೀಸಿನ ಗುಂಡುಗಳು, ಒಂದೊಂದೂ ಎರಡೂವರೆ ಮೂರು ಕಿಲೋ. ಮೈತುಂಬ ಸೂಜಿ ಚುಚ್ಚಿದ ತೂತು. ಗಾಳಿ ಒಳಗೆ ಹೋದರೆ ತಾನೆ ನೀಲಿ ಬೂಷ್ಟು ಬೆಳೆಯುವುದು! ಕಾಯಿಸದ ಕುರಿಹಾಲು, ಅದೂ ಲಾಕೋನ್ ತಳಿಯದೇ ಆಗಬೇಕು. ಮಾಗಲು ಕನಿಷ್ಠ 90 ದಿನ ಬೇಕು. ಮಾಗುವುದು ಈ ಊರಿನ ಗುಹೆಗಳಲ್ಲೇ ಆಗಬೇಕು. 1925ರಲ್ಲೇ ಫ್ರಾನ್ಸ್ ಈ ಹೆಸರಿಗೆ ಕಾನೂನಿನ ಬೇಲಿ ಹಾಕಿತು. (ನಿಘಂಟಿನವರು ಚೀಸಿಗೆ ಗಿಣ್ಣು ಎಂದುಬಿಡುತ್ತಾರೆ. ಈದ ಹಸುವಿನ ಹಾಲಿನ ನಮ್ಮ ಗಿಣ್ಣಿಗೂ ಇದಕ್ಕೂ ಸಂಬಂಧವಿಲ್ಲ. ಶುದ್ಧ ಸಸ್ಯಾಹಾರಿಗಳಿಗೆ ಇನ್ನೊಂದು ಮಾತು: ಇದರ ಹೆಪ್ಪು ಕುರಿಮರಿಯ ಹೊಟ್ಟೆಯಿಂದ ಬಂದದ್ದು.) ನಾಲಿಗೆಗೆ ಮೊದಲು ಉಪ್ಪು, ಆಮೇಲೆ ಚುರುಕು, ಕೊನೆಗೆ ಬೆಣ್ಣೆ. ಮೂರನೆಯ ಚೂರಿಗೆ ಅಜ್ಜಿಯನ್ನು ಮರೆತೆ.

ಗುಹೆ ತೋರಿಸುವವರು ಗಾಳಿಯ ಕಥೆಯನ್ನು ಸೊಗಸಾಗಿ ಹೇಳುತ್ತಾರೆ. ಹಾಲು ಬರುವ ನೆಲದ ಕಥೆ ಕೇಳಬೇಕಾದರೆ ಬೆಟ್ಟ ಹತ್ತಿ ಲಾರ್ಜಾಕ್ ಪ್ರಸ್ಥಭೂಮಿಗೇ ಹೋಗಬೇಕು. ಸುಣ್ಣಕಲ್ಲಿನ ಬೋಳು ಬಯಲು. ಬಿದ್ದ ಮಳೆ ಬಿದ್ದಲ್ಲೇ ಇಂಗಿಹೋಗುತ್ತದೆ, ಆದ್ದರಿಂದ ಕುರಿಗಳಿಗೆಂದು ಕಲ್ಲುಹಾಸಿನ ದುಂಡು ಹೊಂಡಗಳನ್ನು ಹಿಂದಿನವರು ಕಟ್ಟಿಟ್ಟಿದ್ದಾರೆ. 1971ರಲ್ಲಿ ರಕ್ಷಣಾ ಮಂತ್ರಿ ಮಿಶೆಲ್ ದೆಬ್ರೆ ಇಲ್ಲಿನ ಸೇನಾ ಶಿಬಿರವನ್ನು 3,000 ಹೆಕ್ಟೇರಿನಿಂದ 17,000ಕ್ಕೆ ಹಿಗ್ಗಿಸುವುದಾಗಿ ಸಾರಿದರು. ಮರುವರ್ಷ ಲಾಂಝಾ ದೆಲ್ ವಾಸ್ತೊ ಬಂದು ಹದಿನೈದು ದಿನ ಉಪವಾಸ ಕೂತರು. ಹಿಂದೆ ಗಾಂಧೀಜಿಯ ಬಳಿ ಇದ್ದು, ಅವರಿಂದಲೇ ಶಾಂತಿದಾಸ ಎಂಬ ಹೆಸರು ಪಡೆದಿದ್ದವರು ಇವರು. 103 ರೈತರು ನೆಲ ಬಿಡೆವೆಂದು ಪ್ರತಿಜ್ಞೆ ಮಾಡಿದರು. ಕುರಿಗಳನ್ನು ಪ್ಯಾರಿಸಿಗೆ ಸಾಗಿಸಿ ಐಫೆಲ್ ಗೋಪುರದ ಬುಡದಲ್ಲಿ ಮೇಯಲು ಬಿಟ್ಟರು. ಬೆಂಬಲಿಗರು ತೆರಿಗೆಯಲ್ಲಿ ಶೇ. 3 ಹಿಡಿದು ಕಳಿಸಿದ ಹಣದಲ್ಲಿ, ಸರ್ಕಾರದ ಪರವಾನಗಿಯಿಲ್ಲದೆ, ಲಾ ಬ್ಲಾಕಿಯೇರಿನಲ್ಲಿ ಕಲ್ಲಿನ ಕುರಿದೊಡ್ಡಿ ಎದ್ದಿತು. ಹತ್ತು ವರ್ಷ ಹೀಗೇ ನಡೆದು, 1981ರಲ್ಲಿ ಮಿತೆರಾಂ ಅಧ್ಯಕ್ಷರಾದಾಗ ಯೋಜನೆ ರದ್ದಾಯಿತು.

ಸಾಲ ತೀರಿಸಿದಂತೆ ನಮ್ಮವರೂ ಅಲ್ಲಿಗೆ ಹೋದರು. 1999ರಲ್ಲಿ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ಮುಂದಾಳುತನದಲ್ಲಿ ನೂರಾರು ರೈತರು ಯುರೋಪನ್ನು ಸುತ್ತಿದರು. ಅವರಲ್ಲಿ ಹಸಿರು ಶಾಲಿನ ನಮ್ಮ ರೈತಸಂಘದವರೂ ಇದ್ದರು. ಜೂನಿನಲ್ಲಿ ಮೊಂಪೆಲಿಯೆಯ ಸಂಶೋಧನಾ ಕೇಂದ್ರವೊಂದರಲ್ಲಿ ಲಾರ್ಜಾಕಿನ ಕುರಿಗಾರ ಜೋಸೆ ಬೋವೆಯವರ ಜೊತೆ ಸೇರಿ ಕುಲಾಂತರಿ ಭತ್ತದ ಸಸಿಗಳನ್ನು ಕಿತ್ತರು. ಹಾರ್ಮೋನು ಹಾಕಿ ಬೆಳೆಸಿದ ದನದ ಮಾಂಸ ಬೇಡವೆಂದು ಯುರೋಪು ಹೇಳಿದ್ದಕ್ಕೆ ಸೇಡಾಗಿ ಅಮೆರಿಕ ರೋಕ್‌ಫೋರ್ ಮೇಲೆ ಶೇ. 100 ಸುಂಕ ಜಡಿಯಿತು. ಅದನ್ನು ಪ್ರತಿಭಟಿಸಿ ಆಗಸ್ಟ್ 12ರಂದು ಬೋವೆ ಮತ್ತು ಗೆಳೆಯರು ಮಿಯೋ ಪಟ್ಟಣದಲ್ಲಿ ಕಟ್ಟುತ್ತಿದ್ದ ಮ್ಯಾಕ್‌ಡೊನಾಲ್ಡ್ಸ್ ಅಂಗಡಿಯನ್ನು ಬಿಚ್ಚಿಹಾಕಿದರು. 1996ರಲ್ಲಿ ಬೆಂಗಳೂರಿನ ಕೆಂಟಕಿ ಚಿಕನ್ ಅಂಗಡಿಗೆ ನುಗ್ಗಿದ್ದ ನಮ್ಮವರಿಗೆ ಇದು ಹೊಸ ವಿಷಯವೇನಲ್ಲ.

ಇಷ್ಟಾಗಿಯೂ ರೋಕ್‌ಫೋರ್ ಎಂದರೆ ಬರೀ ಸಣ್ಣ ರೈತನ ಗೆಲುವು ಎಂದು ನಾನು ಬರೆಯಲಾರೆ. ಈ ಚೀಸಿನ ಅತಿ ದೊಡ್ಡ ಬ್ರ್ಯಾಂಡ್ ಇವತ್ತು ಜಗತ್ತಿನ ಹಾಲಿನ ದೈತ್ಯ ಲಾಕ್ಟಾಲಿಸ್ ಕೈಯಲ್ಲಿದೆ. ಕಾನೂನು ಹೆಸರನ್ನು ಕಾಯುತ್ತದೆ, ಒಡೆಯ ಯಾರೆಂದು ಕೇಳುವುದಿಲ್ಲ. ನನಗೆ ಚೀಸಿಗಿಂತ ದೊಡ್ಡ ಸೋಜಿಗ ಎನಿಸಿದ್ದು ನೆಲದ ಏರ್ಪಾಡು. ಸೇನೆಗೆಂದು ಸರ್ಕಾರ ಕೊಂಡಿದ್ದ 6,300 ಹೆಕ್ಟೇರನ್ನು 1985ರಲ್ಲಿ ರೈತರೇ ಕಟ್ಟಿಕೊಂಡ ಒಂದು ಸಂಸ್ಥೆಗೆ ಗುತ್ತಿಗೆಗೆ ಬಿಟ್ಟರು. ಆ ಗುತ್ತಿಗೆ ಈಗ 2083ರವರೆಗಿದೆ. ದುಡಿಯುವಷ್ಟು ಕಾಲ ಹೊಲ, ಮನೆ, ದೊಡ್ಡಿ ನಿಮ್ಮದು. ಮಾರುವಂತಿಲ್ಲ, ಮಕ್ಕಳ ಹೆಸರಿಗೆ ಬರೆಯುವಂತಿಲ್ಲ. ನಿವೃತ್ತರಾದ ದಿನ ಎದ್ದು ಹೋಗಬೇಕು, ಮುಂದಿನವರು ಬರುತ್ತಾರೆ. ಉಳುವವನೇ ಹೊಲದೊಡೆಯ ಎಂದು ಕೇಳಿ ಬೆಳೆದ ಕಿವಿಗೆ ಇದು ಅಷ್ಟು ಸುಲಭವಾಗಿ ಇಳಿಯುವುದಿಲ್ಲ.

ಮೇ ತಿಂಗಳ ಒಂದು ಸಂಜೆ, ಹಾಲು ಕರೆಯುವ ಹೊತ್ತಿಗೆ, ಅಂಥದೊಂದು ದೊಡ್ಡಿಯಲ್ಲಿ ನಿಂತಿದ್ದೆ. ಕುರಿಗಳನ್ನು ಸಾಲಿಗೆ ದಬ್ಬುತ್ತಿದ್ದ ಹೆಂಗಸಿಗೆ ನಿವೃತ್ತಿ ಹತ್ತಿರವಿತ್ತು. ಇಷ್ಟು ವರ್ಷ ಇದ್ದ ಮನೆ ಬಿಟ್ಟು ಎಲ್ಲಿಗೆ ಹೋಗುತ್ತೀರೆಂದು ಜೊತೆಯ ಗೆಳೆಯನಿಂದ ಕೇಳಿಸಿದೆ. ಆಕೆ ಕೆಲಸ ನಿಲ್ಲಿಸದೆಯೇ ಹೇಳಿದರು: “ಮಿಯೋದಲ್ಲಿ ಬಾಡಿಗೆ ಮನೆ ನೋಡ್ತಾ ಇದೀನಿ. ಮೆಟ್ಟಿಲು ಕಡಿಮೆ ಇರೋದು.”