ತಿದ್ದುಪಡಿಯ ಎರಡು ಪಂಕ್ತಿ

ಕಳೆದ ಸಂಚಿಕೆಯ ಕಡೆಯ ಪುಟದಲ್ಲಿ, ಚಂದಾದಾರರಿಗೆ ಮಾಡಿದ ವಿಜ್ಞಾಪನೆಯ ಕೆಳಗೆ, ‘ತಿದ್ದುಪಡಿ’ ಎಂಬ ತಲೆಬರಹದಲ್ಲಿ ಎರಡು ಪಂಕ್ತಿಗಳು ಅಚ್ಚಾಗಿದ್ದುವು. ವಾಚಕಮಹಾಶಯರಲ್ಲಿ ಎಷ್ಟು ಮಂದಿ ಅವನ್ನು ಕಂಡರೋ ಅರಿಯೆವು. ಕಾಣದವರನ್ನು ಆಕ್ಷೇಪಿಸುವಂತಿಲ್ಲ, ಅಂತಹ ಪಂಕ್ತಿಗಳನ್ನು ಕಣ್ಣಿಗೆ ಬೀಳದಷ್ಟು ಸಣ್ಣಕ್ಷರದಲ್ಲಿ ಹಾಕುವುದು ಪತ್ರಿಕೆಗಳ ಸನಾತನಧರ್ಮ. ಆದರೆ ಅವುಗಳ ಹಿಂದಿನ ಅಪರಾಧವು ನಮ್ಮದಾದುದರಿಂದ, ಅದನ್ನು ದೊಡ್ಡಕ್ಷರದಲ್ಲಿಯೇ ಹೇಳಿಬಿಡುವುದು ನ್ಯಾಯವೆಂದು ತೋರಿತು.

ಈ ಪತ್ರಿಕೆಗೆ ಬರುವ ಲೇಖನಗಳಲ್ಲಿ ಕೆಲವನ್ನು ಸಂಪಾದಕರು ತಿದ್ದುವುದಕ್ಕಾಗಿ ನಮ್ಮ ಮನೆಗೆ ಕಳುಹಿಸುವುದುಂಟು. ಮೂವತ್ತು ವರ್ಷಗಳ ಕಾಲ ಮಕ್ಕಳ ಕಾಪಿಪುಸ್ತಕಗಳ ಮೇಲೆ ಆಡಿದ ಕೈಗೆ ಕೆಂಪು ಮಸಿಯಿಲ್ಲದಿದ್ದರೆ ಹೊತ್ತು ಹೋಗದು. ಬೆಳಗಿನ ಕಾಫಿಯಾದ ಮೇಲೆ ಜಗಲಿಯಲ್ಲಿ ಕುಳಿತು, ‘ಉಚ್ಛಾರ’ಕ್ಕೆ ವೃಥಾ ಅಂಟಿಕೊಂಡ ಮಹಾಪ್ರಾಣವನ್ನು ಕಳಚುವುದು, ‘ಸಂಧಿಗ್ಧ’ವನ್ನು ‘ಸಂದಿಗ್ಧ’ವಾಗಿಸಿ ಸಂದೇಹ ತೀರಿಸುವುದು, ಇದರಲ್ಲಿ ಒಂದು ಸುಖವಿದೆ, ಮೊರದ ಮುಂದೆ ಕುಳಿತು ಅಕ್ಕಿಯ ಕಲ್ಲನ್ನು ಆರಿಸುವವರಿಗೆ ಗೊತ್ತಿರುವ ಸುಖ. ಗಣಕಯಂತ್ರವು ಬಂದ ಮೇಲೆ ಮೊಳೆ ತಲೆಕೆಳಗಾಗುವ ತಪ್ಪು ತೀರಿತು. ಒತ್ತಕ್ಷರವನ್ನು ಮರೆಯುವ ತಪ್ಪು ತೀರಲಿಲ್ಲ, ಅದು ಯಂತ್ರದ್ದಲ್ಲವಷ್ಟೆ.

ಮೂರು ತಿಂಗಳ ಹಿಂದೆ ಹೀಗೆ ಬಂದ ಕಾಗದಗಳಲ್ಲಿ ಒಬ್ಬ ಗೃಹಿಣಿಯು ತೀರಿಹೋದ ತನ್ನ ತಾಯಿಯನ್ನು ಕುರಿತು ಬರೆದ ನಾಲ್ಕು ಹಾಳೆಗಳಿದ್ದುವು. ಅಲಂಕಾರವೇನೂ ಇರಲಿಲ್ಲ. ಆ ದಿನದ ಕೆಲಸಗಳು ಒಂದಾದ ಮೇಲೊಂದಾಗಿ ಬಂದಿದ್ದುವು: ಹಾಲಿಗೆ ಹೆಪ್ಪು ಹಾಕಿದ್ದು, ಕರುವನ್ನು ಕಟ್ಟಿದ್ದು, ಮಳೆಗೆ ಕಿಟಕಿ ಮುಚ್ಚಿದ್ದು. ಹೊರಗೆ ವಿದ್ಯುತ್ತು ಹೋಗಿತ್ತು. ಮಲಗಿದ್ದ ತಾಯಿ, ‘ದೀಪ ದೊಡ್ಡದು ಮಾಡಿ ಮಲಗು ಮಗೂ, ನಾಳೆಗೂ ಎಣ್ಣೆ ಬೇಕಲ್ಲ’ ಎಂದಳಂತೆ. ಮಗಳು ಹಾಗೆಯೇ ಮಾಡಿ ಕತ್ತಲೆಯಲ್ಲಿ ಪಕ್ಕಕ್ಕೆ ಬಂದು ಮಲಗಿದಳು. ಬೆಳಗಾಗುವಾಗ ತಾಯಿ ಇರಲಿಲ್ಲ.

ನಮ್ಮ ಲೇಖನಿಯು ‘ದೊಡ್ಡದು ಮಾಡಿ’ ಎಂಬಲ್ಲಿ ನಿಂತಿತು. ಆ ಮಾತಿನ ಅರ್ಥ ನಮಗೆ ತಿಳಿಯದೆ ಇರಲಿಲ್ಲ. ನಮ್ಮ ತಾಯಿಯೂ ಹಾಗೆಯೇ ಅನ್ನುತ್ತಿದ್ದಳು. ದೀಪವನ್ನು ಬಾಯಿಂದ ಊದಬಾರದು, ಹೂವಿನಿಂದ ಮುಟ್ಟಿಸಿ ಇಲ್ಲವೆ ಬತ್ತಿಯನ್ನು ಎಣ್ಣೆಗೆಳೆದು ಶಾಂತಗೊಳಿಸಬೇಕು, ಹಾಗೆ ಮಾಡಿದುದನ್ನು ‘ಆರಿಸಿದೆ’ ಎಂದೂ ಅನ್ನಬಾರದು ಎಂಬುದು ಅವಳ ಶಾಸನ. ಆದರೆ ಗುಂಡಿ ಒತ್ತಿ ಬೆಳಕು ಕಾಣುವ ಇಂದಿನ ವಾಚಕನಿಗೆ, ದೀಪ ದೊಡ್ಡದಾದ ಮೇಲೆ ಕತ್ತಲೆಯಾದುದು ಹೇಗೆಂಬ ಗೊಂದಲವುಂಟಾದೀತೆಂದು ಎಣಿಸಿದೆವು. ‘ನಂದಿಸಿ’ ಎಂದು ಬರೆಯೋಣವೆ ಎಂದರೆ, ಸಂಸ್ಕೃತದಲ್ಲಿ ನಂದ ಎಂದರೆ ಸಂತೋಷ, ಕನ್ನಡದಲ್ಲಿ ನಂದುವುದೆಂದರೆ ಆರುವುದು. ಈ ವಿರೋಧವನ್ನು ಒಂದು ಗಳಿಗೆ ಮೆಲುಕು ಹಾಕಿ ಆನಂದಪಟ್ಟು, ಕಡೆಗೆ ‘ದೀಪ ಆರಿಸಿ ಮಲಗು ಮಗು’ ಎಂದು ತಿದ್ದಿದೆವು. ‘ಮಗೂ’ ಎಂಬ ದೀರ್ಘವನ್ನೂ ಬಿಡಲಿಲ್ಲ. ಹಾಗೆಯೇ ಅಚ್ಚಾಯಿತು.

ಹದಿನೈದು ದಿನಗಳಲ್ಲಿ ಆಕೆಯ ಕಾಗದ ಬಂತು. ಕೋಪದ ಮಾತು ಒಂದೂ ಇರಲಿಲ್ಲ. ಇದ್ದಿದ್ದರೆ ನಮಗೆ ಎಷ್ಟೋ ಹಗುರವಾಗುತ್ತಿತ್ತು. ಊರಿನಲ್ಲಿದ್ದ ಅಕ್ಕನು ಪತ್ರಿಕೆಯನ್ನು ಓದಿ, ಅಮ್ಮ ಆ ರಾತ್ರಿ ನಿಜವಾಗಿಯೂ ಹಾಗೆಂದಳೆ ಎಂದು ಕೇಳಿದಳಂತೆ. ಅಮ್ಮನು ಹುಟ್ಟಿದಾರಭ್ಯ ಆ ಮಾತನ್ನು ಆಡಿದವಳಲ್ಲ, ಮಕ್ಕಳು ಆಡಿದರೆ ಗದರುತ್ತಿದ್ದಳು. ಅವಳ ಮಾತೆಂದು ಲೋಕದಲ್ಲಿ ಅಚ್ಚಾದದ್ದು ಅದೊಂದೇ, ಅದೂ ಅವಳದಲ್ಲ, ಎಂದು ಬರೆದಿದ್ದಳು.

ನಾವು ಅಲಂಕಾರಶಾಸ್ತ್ರವನ್ನು ಓದಿದವರು. ಕಾಶ್ಮೀರದ ಮಮ್ಮಟನು 11ನೆಯ ಶತಮಾನದಲ್ಲಿ ರಚಿಸಿದ ಕಾವ್ಯಪ್ರಕಾಶದ ಏಳನೆಯ ಉಲ್ಲಾಸದಲ್ಲಿ ದೋಷಗಳ ಪ್ರಕರಣವಿದೆ. ಅಲ್ಲಿ ಅಶ್ಲೀಲವು ಮೂರು ಬಗೆ: ಲಜ್ಜೆಯನ್ನು ತರುವುದು, ಜುಗುಪ್ಸೆಯನ್ನು ತರುವುದು, ಅಮಂಗಲವನ್ನು ಸೂಚಿಸುವುದು. ಮೊದಲನೆಯದನ್ನು ಎಲ್ಲರೂ ಬಲ್ಲರು. ಮೂರನೆಯದನ್ನು ವಿದ್ಯಾರ್ಥಿಗಳಿಗೆ ಎಷ್ಟು ಸಲ ವಿವರಿಸಿದ್ದೇವೆಯೋ ಲೆಕ್ಕವಿಲ್ಲ. ಅದನ್ನು ಓದದೆಯೇ ನಮ್ಮ ಹೆಂಗಸರು ಬಾಳಿನುದ್ದಕ್ಕೂ ಪಾಲಿಸಿಕೊಂಡು ಬಂದಿದ್ದಾರೆ. ಬಳೆ ಒಡೆದರೆ ‘ಹೆಚ್ಚಿತು’ ಎನ್ನುವರು. ಹೊರಡುವವನು ‘ಹೋಗುತ್ತೇನೆ’ ಎಂದರೆ ‘ಹೋಗಿ ಬರುತ್ತೇನೆ ಅನ್ನು’ ಎಂದು ಬಾಗಿಲಲ್ಲಿಯೇ ತಿದ್ದುವರು. ಮರಾಠಿಯವರಂತೂ ದೇವರ ಮುಂದೆ ತೆಂಗಿನಕಾಯಿ ಒಡೆಯುವುದನ್ನೂ ‘ಬೆಳೆಸುವುದು’ ಎನ್ನುತ್ತಾರೆ. ಹೀಗೆ ತಾಯಿಯು ದೋಷವಿಲ್ಲದೆ ಆಡಿದ ಮಾತಿಗೆ, ದೋಷಪ್ರಕರಣವನ್ನು ಬಾಯಿಪಾಠ ಮಾಡಿದ ನಾವು ದೋಷವನ್ನು ತಂದಿಟ್ಟೆವು. ಅದೂ ಅವಳ ಕೊನೆಯ ರಾತ್ರಿಯಲ್ಲಿ. ಸ್ಪಷ್ಟತೆಗಾಗಿ ಮಾಡಿದೆವೆಂದು ಹೇಳಿಕೊಳ್ಳಲೂ ಬಾಯಿಲ್ಲ. ‘ಆರಿಸು’ ಎಂದರೆ ನಂದಿಸುವುದೂ ಹೌದು, ಕಲ್ಲನ್ನು ಹೆಕ್ಕುವುದೂ ಹೌದು.

ಸಂದೇಹ ಬಂದಾಗ ಕಿಟ್ಟೆಲ್ ಪಂಡಿತರ ನಿಘಂಟನ್ನು ತೆರೆಯುವುದು ನಮ್ಮ ಪದ್ಧತಿ. 1894ರಲ್ಲಿ ಮಂಗಳೂರಿನಲ್ಲಿ ಹೊರಬಂದ ಆ ಗ್ರಂಥದಲ್ಲಿ, ಕವಿಪ್ರಯೋಗಗಳ ಮಗ್ಗುಲಲ್ಲಿಯೇ ಜನರ ಬಾಯಿಯ ಗಾದೆಗಳೂ ಪ್ರಮಾಣವಾಗಿ ಕುಳಿತಿವೆ. ಜರ್ಮನಿಯಿಂದ ಬಂದವರು ಅಷ್ಟು ಕಿವಿಗೊಟ್ಟು ಕೇಳಿದರು. ನಮಗೆ ಆ ದಿನ ನಿಘಂಟು ಬೇಕಾಗಿರಲಿಲ್ಲ. ನಮ್ಮ ತಾಯಿಯ ನೆನಪು ಸಾಕಾಗಿತ್ತು, ಅದು ಬಂದೂ ಇತ್ತು.

ನಾವು ಆಕೆಗೆ ಕ್ಷಮೆ ಬೇಡಿ ಬರೆದೆವು. ಸಂಪಾದಕರಿಗೂ ತಿಳಿಸಿದೆವು, ಅವರು ಎರಡು ಪಂಕ್ತಿ ಕೊಟ್ಟರು. ತಿದ್ದುಪಡಿಯು ಹೊಸ ಸಂಚಿಕೆಯಲ್ಲಿ ಬರುವುದೇ ಹೊರತು ಹಳೆಯ ಸಂಚಿಕೆಯೊಳಕ್ಕೆ ಹೋಗಿ ಕುಳಿತುಕೊಳ್ಳಲಾರದು. ತನ್ನ ಪ್ರತಿಯಲ್ಲಿಯೂ ಅಕ್ಕನ ಪ್ರತಿಯಲ್ಲಿಯೂ ಮಸಿಯಿಂದ ತಿದ್ದಿಟ್ಟಿರುವುದಾಗಿ ಆಕೆ ಉತ್ತರ ಬರೆದಳು. ಸೋದರಮಾವನ ಮನೆಗೆ ಹೋದ ಪ್ರತಿಯನ್ನು ಯಾರೋ ಓದಲು ಕೊಂಡುಹೋದರಂತೆ.

ಕರಡಚ್ಚು ತಿದ್ದುವವರಲ್ಲಿ ಒಂದು ಸಂಕೇತವಿದೆ. ಹೊಡೆದುಹಾಕಿದ ಪದವನ್ನು ಮರಳಿ ಉಳಿಸಬೇಕಾದರೆ ಅದರ ಕೆಳಗೆ ಚುಕ್ಕಿಗಳನ್ನಿಟ್ಟು ಅಂಚಿನಲ್ಲಿ ‘ಸ್ಟೆಟ್’ ಎಂದು ಬರೆಯುವರು. ಅದು ಲ್ಯಾಟಿನ್ ಮಾತು, ‘ಇರಲಿ’ ಎಂದರ್ಥ. ಇಷ್ಟು ವರ್ಷಗಳಲ್ಲಿ ಅದನ್ನು ನಾವು ಬಳಸಿದ್ದು ಬಹಳ ಕಡಮೆ.

ಮೊನ್ನೆ ಬಂದ ಇನ್ನೊಂದು ಲೇಖನದಲ್ಲಿ, ಸೊಸೆಯೊಬ್ಬಳು ಬಾವಿಯ ಕಟ್ಟೆಗೆ ಕೈತಾಗಿ ‘ಬಳೆ ಹೆಚ್ಚಿತು’ ಎಂದು ಅಳುವ ಸಂದರ್ಭವಿತ್ತು. ನಾವು ಮುಟ್ಟಲಿಲ್ಲ. ಸಂಜೆ ಅಕ್ಷರ ಜೋಡಿಸುವ ಹುಡುಗನು ದೂರವಾಣಿಯಲ್ಲಿ ಕೇಳಿದನು: ‘ಸ್ವಾಮೀ, ಬಳೆ ಹೆಚ್ಚಿದರೆ ಅಳುವುದೇಕೆ? ಒಂದು ಸಾಲು ಬಿಟ್ಟುಹೋಗಿದೆಯೆ?’ ಏನೂ ಬಿಟ್ಟುಹೋಗಿಲ್ಲ, ರಾತ್ರಿ ಮನೆಯಲ್ಲಿ ನಿನ್ನ ಅಜ್ಜಿಯನ್ನು ಕೇಳು, ಎಂದೆವು.