ಕರಿಕೆಗೆ ಹೊರಡುವಾಗ ಕನ್ನಡಕ ಬ್ಯಾಗಲ್ಲಿರಲಿ

ಸೆಕೆಂಡ್ ಇಯರ್‌ಗೆ ಬರುವಷ್ಟರಲ್ಲಿ ನಮ್ಮ ಕ್ಲಾಸಿನ ಎಷ್ಟೋ ಕನ್ನಡಕಗಳು ಮಾಯ. ದೃಷ್ಟಿ ಸರಿಹೋಯ್ತು ಅಂತಲ್ಲ, ಎಲ್ಲರೂ ಲೆನ್ಸ್‌ಗೆ ಬಂದಿದ್ದೇವೆ. ತಪ್ಪೇನಿಲ್ಲ. ಆದ್ರೆ ಕೊಳ್ಳುವಾಗ ನಾವು ಕೇಳೋದು ಎರಡೇ: ರೇಟ್ ಎಷ್ಟು, ಕಲರ್ ಇದೆಯಾ? ಇದನ್ನ ಹಾಕ್ಕೊಂಡು ಎಲ್ಲಿರ್ತೀವಿ, ಅಲ್ಲಿನ ನೀರು ಎಂಥದು ಅಂತ ಯಾರೂ ಯೋಚಿಸಲ್ಲ. ರಜೆ ಬಂದ್ರೆ ಭಾಗಮಂಡಲದ ಘಾಟಿ ಇಳಿದು ಕರಿಕೆ ಸೇರುವ ನಮ್ಮಂಥವರಿಗೆ ಮುಖ್ಯ ಪ್ರಶ್ನೆ ಅದೇ.

ಗುಡ್ಡದಿಂದ ಪೈಪಲ್ಲಿ ಬರುವ ನಮ್ಮೂರ ನೀರಿನ ಬಗ್ಗೆ ನಮಗೆ ಹೆಮ್ಮೆ. ಕುಡಿಯಲು ಅದಕ್ಕಿಂತ ರುಚಿಯಾದ ನೀರಿಲ್ಲ. ಲೆನ್ಸ್‌ಗೆ ಮಾತ್ರ ಬೇಡ. ಇದು ನೀರು ಹೀರುವ ಪ್ಲಾಸ್ಟಿಕ್. 1961ರಲ್ಲಿ ಜೆಕ್ ವಿಜ್ಞಾನಿ ಒಟ್ಟೊ ವಿಖ್ತರ್ಲೆ ಮಕ್ಕಳ ಆಟದ ಕಿಟ್‌ನಿಂದ ಮನೆಯಲ್ಲೇ ಮಶೀನ್ ಕಟ್ಟಿ ಮೆದು ಲೆನ್ಸ್ ಮಾಡಿದ್ದು ಇಂಥ ಜೆಲ್‌ನಿಂದಲೇ (ನಮ್ಮ ಮಿನಿ ಪ್ರಾಜೆಕ್ಟ್‌ಗಳು ನಾಚಬೇಕು!). ತೊರೆ, ಬಾವಿ, ನಲ್ಲಿ ಎಲ್ಲೆಡೆ ಇರಬಹುದಾದ ಅಕಾಂತಮೀಬಾ ಎಂಬ ಜೀವಿ ಲೆನ್ಸ್‌ಗೆ ಅಂಟಿ ಕಣ್ಣಿನ ಕಾರ್ನಿಯಾ ಸೇರಿದರೆ ಚಿಕಿತ್ಸೆ ತಿಂಗಳುಗಟ್ಟಲೆ. ಕೆಲವರಿಗೆ ಕಾರ್ನಿಯಾವನ್ನೇ ಬದಲಿಸಬೇಕಾಗುತ್ತೆ. ಕುದಿಸಿ ಆರಿಸಿದ ನೀರೂ ಲೆನ್ಸ್ ಸೊಲ್ಯೂಷನ್‌ಗೆ ಸಮವಲ್ಲ. ಕೈ ಸೋಪಿನಲ್ಲಿ ತೊಳೆದು, ಪೂರ್ತಿ ಒರೆಸಿಯೇ ಲೆನ್ಸ್ ಮುಟ್ಟಬೇಕು.

ಮಳೆಗಾಲದಲ್ಲಿ ಕನ್ನಡಕ ಎಂಥ ಕಾಟ ಅಂತ ನಮಗೂ ಗೊತ್ತು. ಹನಿ, ಆವಿ, ಏನೂ ಕಾಣಲ್ಲ. ಹಾಗಂತ ತೋಟಕ್ಕೆ ಲೆನ್ಸ್ ಹಾಕ್ಕೊಂಡು ಇಳಿಯೋದು ಸರಿಯಲ್ಲ. ಕೊಳೆರೋಗಕ್ಕೆ ಬೋರ್ಡೋ ಮದ್ದು ಬಿಡುವಾಗ, ರಬ್ಬರ್ ಹಾಲಿಗೆ ಆಸಿಡ್ ಹಾಕುವಾಗ ಒಂದು ಹನಿ ಕಣ್ಣಿಗೆ ಸಿಡಿದ್ರೂ ಅದು ಲೆನ್ಸ್‌ನ ಅಡಿಯಲ್ಲಿ ಕೂತುಬಿಡುತ್ತೆ. ನಮ್ಮ ಕೆಮಿಸ್ಟ್ರಿ ಲ್ಯಾಬಿಗೂ ಇದೇ ಮಾತು.

ಇನ್ನು ರಾತ್ರಿ ಬಸ್ಸು. ಲೆನ್ಸ್ ತೆಗೆಯದೆ ಮಲಗಿದರೆ ಸೋಂಕಿನ ಅಪಾಯ ಹಲವು ಪಟ್ಟು ಹೆಚ್ಚು, ಯಾಕಂದ್ರೆ ಕಾರ್ನಿಯಾಕ್ಕೆ ಆಕ್ಸಿಜನ್ ಬರೋದು ಮುಖ್ಯವಾಗಿ ಗಾಳಿಯಿಂದ. ಮುಚ್ಚಿದ ರೆಪ್ಪೆಯಡಿ ಅದು ಮೊದಲೇ ಕಡಿಮೆ. ಬಸ್ ಹತ್ತೋ ಮುಂಚೆಯೇ ಕನ್ನಡಕಕ್ಕೆ ಬದಲಾಗಬೇಕು.

ಕನ್ನಡಕದ ಚೀಟಿ ಕೊಟ್ಟು ಆನ್‌ಲೈನಲ್ಲಿ ಲೆನ್ಸ್ ತರಿಸುವವರೂ ನಮ್ಮಲ್ಲಿದ್ದಾರೆ. ಕನ್ನಡಕ ಕಣ್ಣಿಂದ ಸುಮಾರು 12 ಮಿ.ಮೀ. ದೂರ, ಲೆನ್ಸ್ ಕಣ್ಣಿನ ಮೇಲೆಯೇ. ಹಾಗಾಗಿ ಮೈನಸ್ 6 ಕನ್ನಡಕದವರಿಗೆ ಲೆನ್ಸ್ ಬೇಕಾಗೋದು ಮೈನಸ್ 5.5ರ ಆಸುಪಾಸು. ಕಣ್ಣಿನ ಬಾಗು ನೋಡದೆ ಹಾಕಿದ್ದು ಬಿಗಿಯೂ ಆಗಬಹುದು.

ಕಣ್ಣು ಕೆಂಪಾಗಿ, ನೋವಾಗಿ, ಬೆಳಕು ಚುಚ್ಚಿದರೆ ತಕ್ಷಣ ಲೆನ್ಸ್ ತೆಗೆದು ಅದೇ ದಿನ ಕಣ್ಣಿನ ಡಾಕ್ಟರ್ ಹತ್ರ ಹೋಗಬೇಕು. ಮೆಡಿಕಲ್ ಶಾಪಿನ ಯಾವುದೋ ಡ್ರಾಪ್ಸ್ ಬೇಡ. ಬೆಂಗಳೂರಲ್ಲಿ ಇದು ಒಂದು ಆಟೋದ ಮಾತು. ಕರಿಕೆಯಿಂದ ಮಡಿಕೇರಿಗೋ, ಪಾಣತ್ತೂರು ದಾಟಿ ಕಾಞಂಗಾಡಿಗೋ ಹೋಗಬೇಕು, ಅದೂ ಮಳೆಗೆ ರಸ್ತೆ ಕುಸಿಯದಿದ್ದರೆ.

ಹಾಗಾಗಿ ನಮ್ಮ ಅಭಿಪ್ರಾಯ: ರಜೆಗೆ ಹಾಕಿ ಬಿಸಾಕುವ ಒಂದು ದಿನದ ಲೆನ್ಸೇ ಸರಿ. ತೊಳೆಯೋದಿಲ್ಲ, ಡಬ್ಬಿ ಇಲ್ಲ. ದುಬಾರಿ ಅನ್ನೋರು ಲೆಕ್ಕ ಹಾಕಿ ನೋಡಿ: ಮದುವೆಗೆ ಒಂದು ಜೊತೆ, ಊರ ಹಬ್ಬಕ್ಕೆ ಒಂದು ಜೊತೆ, ಉಳಿದ ದಿನವೆಲ್ಲ ಕನ್ನಡಕ.